ಫರ್ಡಿನಾಂಡ್ ಕಿಟ್ಟೆಲ್

ರೆವರೆಂಡ್ ಫರ್ಡಿನಾಂಡ್ ಕಿಟ್ಟೆಲ್ (1832–1903) ಜರ್ಮನಿಯಿಂದ ಕರ್ನಾಟಕಕ್ಕೆ ಬಂದ ಕ್ರೈಸ್ತ ಧರ್ಮಪ್ರಚಾರಕರು, ಕನ್ನಡ ವಿದ್ವಾಂಸರು ಹಾಗೂ ನಿಘಂಟುಕಾರರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾದ ಅವರ ಕನ್ನಡ–ಇಂಗ್ಲಿಷ್ ನಿಘಂಟು ಸುಮಾರು 70,000 ಪದಗಳನ್ನು ಒಳಗೊಂಡ ಬೃಹತ್ ಕೃತಿ. ಹಳಗನ್ನಡ, ನಡುಗನ್ನಡ, ಹೊಸಗನ್ನಡಗಳ ಪದಗಳನ್ನು ಒಂದೇ ಅಕಾರಾದಿ ಕ್ರಮದಲ್ಲಿ ಜೋಡಿಸಿ, ಪ್ರತಿಯೊಂದು ಪದಕ್ಕೂ ತಪ್ಪದ ಒಂದು ಸ್ಥಾನವನ್ನು ಗೊತ್ತುಪಡಿಸಿದ್ದು ಈ ನಿಘಂಟಿನ ಹೆಚ್ಚುಗಾರಿಕೆ. ಆ ಜೋಡಣೆಯಲ್ಲಿ ಅವರು ಎದುರಿಸಿದ ತೊಡಕುಗಳು ಇಂದು ಸಿ ಭಾಷೆಯಲ್ಲಿ ಕನ್ನಡ ಪದಗಳ ಕ್ರಮಬದ್ಧ ಗಣವನ್ನು ರಚಿಸಲು ಹೊರಟವರಿಗೂ ಎದುರಾಗುತ್ತವೆ. ಆದಕಾರಣ ಜೀವನ ವೃತ್ತಾಂತದೊಡನೆ ಆ ವಿಷಯವನ್ನೂ ಇಲ್ಲಿ ವಿವರಿಸಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಕಿಟ್ಟೆಲರು 1832ರ ಏಪ್ರಿಲ್ 7ರಂದು ಉತ್ತರ ಜರ್ಮನಿಯ ಪೂರ್ವ ಫ್ರೀಸ್‌ಲ್ಯಾಂಡ್ ಪ್ರಾಂತದ ರೆಸ್ಟರ್‌ಹಾಫೆ ಎಂಬ ಊರಿನಲ್ಲಿ ಜನಿಸಿದರು. ತಂದೆ ಗಾಟ್‌ಫ್ರೀಡ್ ಕ್ರಿಶ್ಚಿಯನ್ ಕಿಟ್ಟೆಲರು ಚರ್ಚಿನ ಪಾದ್ರಿಗಳಾಗಿದ್ದರು. ಶಾಲೆಯ ದಿನಗಳಲ್ಲಿಯೇ ಹೀಬ್ರೂ, ಗ್ರೀಕ್, ಲ್ಯಾಟಿನ್ ಮೊದಲಾದ ಭಾಷೆಗಳಲ್ಲಿ ಪರಿಶ್ರಮ ಗಳಿಸಿದ ಬಾಲಕ 1850ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದ ಮಿಶನ್ ವಿದ್ಯಾಲಯವನ್ನು ಸೇರಿದನು. ಮೂರು ವರ್ಷಗಳ ತರಬೇತಿಯ ಅನಂತರ, 1853ರಲ್ಲಿ, ಇಪ್ಪತ್ತೊಂದರ ತರುಣರಾಗಿ ಭಾರತಕ್ಕೆ ಬಂದಿಳಿದರು.

ಅವರು ಹುಟ್ಟಿದ 1832ರಲ್ಲಿಯೇ ಮದರಾಸಿನಲ್ಲಿ ವಿಲಿಯಂ ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಪ್ರಕಟವಾಗಿತ್ತು. ಮುಂದೆ ಅದನ್ನು ಹಿಂದೆ ಹಾಕುವ ಕೃತಿಯನ್ನು ರಚಿಸಬೇಕಾದ ಮಗು ಅದೇ ವರ್ಷ ಸಾವಿರಾರು ಮೈಲಿಗಳಾಚೆ ಕಣ್ತೆರೆದದ್ದು ಕೇವಲ ಕಾಕತಾಳೀಯ.

ಕರ್ನಾಟಕದಲ್ಲಿ

ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿನಲ್ಲಿ ಕಾರ್ಯಾರಂಭ ಮಾಡಿ, ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿಯೂ ಇಂದಿನ ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದಲ್ಲಿಯೂ ನೆಲೆಗಳನ್ನು ಸ್ಥಾಪಿಸಿತ್ತು. ಈ ವಲಯದಲ್ಲಿ ಕಿಟ್ಟೆಲರು ಧಾರವಾಡ, ಮಂಗಳೂರು, ಮಡಿಕೇರಿ ಮೊದಲಾದೆಡೆ ಸೇವೆ ಸಲ್ಲಿಸಿದರು. ಜನರ ನಡುವೆ ಅವರವರ ಭಾಷೆಯಲ್ಲಿಯೇ ಬೆರೆಯದೆ ಯಾವ ಉಪದೇಶವೂ ಸಲ್ಲದು ಎಂಬುದು ಅವರ ನಿಲುವಾಗಿತ್ತು. ದಿನದ ಬಹುಭಾಗವನ್ನು ಕನ್ನಡ, ಸಂಸ್ಕೃತಗಳ ಅಭ್ಯಾಸಕ್ಕೆ ಮೀಸಲಿಟ್ಟ ಅವರ ನಡೆ ಮಿಶನ್ನಿನ ಮೇಲಧಿಕಾರಿಗಳೆಲ್ಲರಿಗೂ ರುಚಿಸಲಿಲ್ಲ. ಧರ್ಮಪ್ರಚಾರಕ್ಕೆ ಬಂದವನು ಕಾವ್ಯ, ಛಂದಸ್ಸು, ವ್ಯಾಕರಣಗಳಲ್ಲಿ ಮುಳುಗಿರುವುದೇ ಎಂಬ ಅಸಮಾಧಾನ ಅವರನ್ನು ವರ್ಷಗಟ್ಟಲೆ ಹಿಂಬಾಲಿಸಿತು.

1860ರಲ್ಲಿ ಪೌಲೀನ್ ಐತ್ ಎಂಬವರೊಡನೆ ವಿವಾಹವಾಯಿತು. 1864ರಲ್ಲಿ ಆಕೆ ತೀರಿಕೊಂಡರು. ಕೆಲ ಕಾಲದ ಮೇಲೆ ಆಕೆಯ ಸೋದರಿ ಯೂಲಿಯವರನ್ನು ಕಿಟ್ಟೆಲರು ವರಿಸಿದರು.

ಈ ಅವಧಿಯಲ್ಲಿ ಅವರು ಪ್ರಕಟಿಸಿದ ಕೃತಿಗಳು ನಿಘಂಟಿಗೆ ಅಡಿಗಲ್ಲುಗಳಾದವು. 1862ರಲ್ಲಿ ಕ್ರಿಸ್ತಚರಿತೆಯನ್ನು ದೇಶೀಯ ಛಂದಸ್ಸಿನಲ್ಲಿ ನಿರೂಪಿಸುವ ‘ಕಥಾಮಾಲೆ’ ಹೊರಬಂದಿತು. 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿದರು. ಇವುಗಳಲ್ಲಿ ಶಬ್ದಮಣಿದರ್ಪಣದ ಸಂಪಾದನೆ ನಿಘಂಟಿನ ದೃಷ್ಟಿಯಿಂದ ಬಹು ಮುಖ್ಯವಾದುದು. ಹೊಸಗನ್ನಡದಲ್ಲಿ ಒಂದೇ ಆಗಿ ಕೇಳಿಸುವ ಅಕ್ಷರಗಳು ಹಳಗನ್ನಡದಲ್ಲಿ ಬೇರೆ ಬೇರೆಯಾಗಿದ್ದವು. ರೞ, ಕುಳ, ಕ್ಷಳಗಳ ಭೇದವನ್ನು ಕೇಶಿರಾಜನು ವಿಸ್ತಾರವಾಗಿ ಹೇಳಿದ್ದಾನೆ. ಆ ಭೇದವನ್ನು ಅರಿಯದವನು ಹಳಗನ್ನಡ ಪದವನ್ನು ಅದರ ಸ್ಥಾನದಲ್ಲಿ ಇಡಲಾರನು.

ನಿಘಂಟಿನ ರಚನೆ

1877ರಲ್ಲಿ, ಕಣ್ಣುಗಳೂ ಆರೋಗ್ಯವೂ ಕೆಟ್ಟು, ಕಿಟ್ಟೆಲರು ಜರ್ಮನಿಗೆ ಹಿಂದಿರುಗಿದರು. ಬೇರೆಯವರಾಗಿದ್ದರೆ ಕಾರ್ಯ ಅಲ್ಲಿಗೆ ನಿಲ್ಲುತ್ತಿತ್ತು. ಆದರೆ ಪದಗಳ ಅರ್ಥವನ್ನು ಆಡುವವರ ಬಾಯಿಂದ ಕೇಳಿ ಖಚಿತಪಡಿಸಿಕೊಳ್ಳದೆ ಅಚ್ಚಿಗೆ ಕೊಡಲು ಅವರ ಮನಸ್ಸು ಒಪ್ಪಲಿಲ್ಲ. 1883ರಲ್ಲಿ ಕುಟುಂಬವನ್ನು ಜರ್ಮನಿಯಲ್ಲಿಯೇ ಬಿಟ್ಟು ಮತ್ತೆ ಭಾರತಕ್ಕೆ ಬಂದರು. ಪಂಡಿತರ ನೆರವಿನಿಂದ ಕಾವ್ಯಗಳನ್ನೂ ಹಳೆಯ ಕೋಶಗಳನ್ನೂ ಗಾದೆಗಳನ್ನೂ ಜನರ ಆಡುಮಾತನ್ನೂ ಶೋಧಿಸುತ್ತ ಸುಮಾರು ಒಂಬತ್ತು ವರ್ಷಗಳನ್ನು ಕಳೆದು, 1892ರಲ್ಲಿ ಹಿಂದಿರುಗಿ, ಟ್ಯೂಬಿಂಗೆನ್‌ನಲ್ಲಿ ಕೃತಿಯನ್ನು ಪೂರೈಸಿದರು. 1894ರಲ್ಲಿ ಪ್ರಕಟವಾದ ಗ್ರಂಥದ ಮುಖ್ಯಭಾಗಕ್ಕೇ 1752 ಪುಟಗಳಿವೆ. ಅದೇ ಮಿಶನ್ನಿಗೆ ಸೇರಿದ ಹರ್ಮನ್ ಗುಂಡರ್ಟ್ ಅವರ ಮಲಯಾಳ ನಿಘಂಟು 1872ರಲ್ಲಿಯೂ ಮ್ಯಾನರ್ ಅವರ ತುಳು ನಿಘಂಟು 1886ರಲ್ಲಿಯೂ ಮಂಗಳೂರಿನಿಂದಲೇ ಬಂದಿದ್ದವು.

ಕಿಟ್ಟೆಲರ ಕಾರ್ಯದ ಬೆಲೆ ತಿಳಿಯಬೇಕಾದರೆ ಅದಕ್ಕೆ ಹಿಂದೆ ಕನ್ನಡದಲ್ಲಿದ್ದ ಕೋಶಗಳನ್ನು ನೋಡಬೇಕು. ಕ್ರಿ.ಶ. 949ರಲ್ಲಿ ಮುಧೋಳದಲ್ಲಿ ಜನಿಸಿದ ಕವಿಚಕ್ರವರ್ತಿ ರನ್ನನ ‘ರನ್ನಕಂದ’ವು ಕನ್ನಡದ ಮೊದಲ ನಿಘಂಟೆಂದು ಹೆಸರಾಗಿದೆ, ಅದರ ಕೆಲವೇ ಕಂದಪದ್ಯಗಳು ಉಳಿದಿವೆ. ಎರಡನೆಯ ನಾಗವರ್ಮನ ‘ಅಭಿಧಾನವಸ್ತುಕೋಶ’ವೂ ಪದ್ಯರೂಪದ್ದೇ. ಇಂತಹ ಕೋಶಗಳಲ್ಲಿ ಪದಗಳು ಅರ್ಥಕ್ಕೂ ಛಂದಸ್ಸಿಗೂ ಹೊಂದಿಕೊಂಡು ನಿಂತಿರುತ್ತವೆ. ಕಂಠಪಾಠ ಮಾಡಿದವನಿಗೆ ಇದು ತೊಡಕಲ್ಲ, ಪದ್ಯವೇ ಬಾಯಿಗೆ ಬರುತ್ತದೆ. ಕಂಠಪಾಠವಿಲ್ಲದವನು ಮಾತ್ರ ಒಂದು ಪದಕ್ಕಾಗಿ ಮೊದಲಿನಿಂದ ಕೊನೆಯವರೆಗೆ ಓದಬೇಕಾಗುತ್ತದೆ. ಓದುಗನ ನೆನಪನ್ನು ನೆಚ್ಚಿದ್ದ ವ್ಯವಸ್ಥೆಯ ಬದಲಿಗೆ, ಪದದ ಕಾಗುಣಿತವನ್ನಷ್ಟೇ ಬಲ್ಲವನಿಗೂ ಪುಟ ಸಿಗುವಂತಹ ವ್ಯವಸ್ಥೆ ಬೇಕಾಗಿತ್ತು. ರೀವ್ ಅವರ ಕೋಶವೂ 1858ರಲ್ಲಿ ಡೇನಿಯಲ್ ಸ್ಯಾಂಡರ್ಸನ್ ಮಾಡಿದ ಅದರ ಪರಿಷ್ಕರಣವೂ ಈ ಮಾರ್ಗವನ್ನು ತೆರೆದಿದ್ದವು. ಹಳಗನ್ನಡದ ಸಂಪತ್ತನ್ನು ಸೇರಿಸಿ ಅದನ್ನು ಪೂರ್ಣವಾಗಿಸಿದವರು ಕಿಟ್ಟೆಲರು.

ಅಕಾರಾದಿ ಕ್ರಮವೆಂದರೆ ಅಕ್ಷರಮಾಲೆ ಬಲ್ಲವರಿಗೆಲ್ಲ ಸುಲಭವೆಂದು ತೋರುತ್ತದೆ. ಶಾಲೆಯಲ್ಲಿ ಮಕ್ಕಳಿಗೆ ನಿಘಂಟು ನೋಡುವುದನ್ನು ಕಲಿಸಿದವರಿಗೆ ನಿಜಸ್ಥಿತಿ ಗೊತ್ತು. ‘ಅಂಕ’ ಎಂಬ ಪದವನ್ನು ಹುಡುಕಹೇಳಿದರೆ, ವರ್ಣಮಾಲೆಯಲ್ಲಿ ‘ಅಂ’ ಎಂಬುದು ‘ಔ’ ಆದ ಮೇಲೆ ಬರುವುದರಿಂದ ಮಕ್ಕಳು ಅಲ್ಲಿಗೆ ಓಡುತ್ತಾರೆ. ಕೆಲವು ನಿಘಂಟುಗಳಲ್ಲಿ ಅದು ‘ಅಕ’ದಿಂದ ಆರಂಭವಾಗುವ ಪದಗಳಿಗಿಂತ ಮೊದಲೇ ಇರುತ್ತದೆ. ಸೊನ್ನೆಯ ಬದಲು ವರ್ಗದ ಅನುನಾಸಿಕವನ್ನು ಬಳಸಿ ‘ಅಙ್ಕ’ ಎಂದು ಬರೆದರೆ ಮೂರನೆಯ ಸ್ಥಾನವೊಂದು ಏರ್ಪಡುತ್ತದೆ. ಮೂರರಲ್ಲಿ ಯಾವುದನ್ನು ಆರಿಸಿದರೂ ನಡೆಯುತ್ತದೆ. ಆರಿಸಿದ್ದನ್ನು 70,000 ಪದಗಳ ಉದ್ದಕ್ಕೂ ಒಮ್ಮೆಯೂ ತಪ್ಪದೆ ಪಾಲಿಸಬೇಕು, ಅಷ್ಟೆ.

ಎರಡು ಪದಗಳು ಯಾವಾಗ ಒಂದೇ, ಯಾವಾಗ ಬೇರೆ ಎಂಬ ಪ್ರಶ್ನೆ ಇನ್ನೂ ಕಠಿಣವಾದುದು. ಇಂದು ‘ಅರಿ’ ಎಂದು ಬರೆದರೆ ತಿಳಿ ಎಂಬ ಅರ್ಥವೂ, ಕತ್ತರಿಸು ಎಂಬ ಅರ್ಥವೂ, ಸಂಸ್ಕೃತದಿಂದ ಬಂದ ಶತ್ರು ಎಂಬ ಅರ್ಥವೂ ಹೊರಡುತ್ತವೆ. ಹಳಗನ್ನಡದಲ್ಲಿ ತಿಳಿ ಎಂಬರ್ಥದ ಪದ ‘ಅಱಿ’. ಅದರ ಅಕ್ಷರವೇ ಬೇರೆ. ಉಳಿದೆರಡರ ಅಕ್ಷರ ಒಂದೇ ಆದರೂ ಮೂಲ ಬೇರೆ. ಕಿಟ್ಟೆಲರು ಇಂತಹ ಸಮರೂಪಿ ಪದಗಳಿಗೆ 1, 2, 3 ಎಂದು ಅಂಕೆ ಹಾಕಿ ಬೇರೆ ಬೇರೆ ನಮೂದುಗಳನ್ನು ಕಲ್ಪಿಸಿದರು. ಹಾಗೆಯೇ ಹಳೆಯ ‘ಪಾಲ್’, ಹೊಸ ‘ಹಾಲು’ ಎರಡೂ ತಮ್ಮ ತಮ್ಮ ಅಕ್ಷರದಡಿ ಸಿಗುತ್ತವೆ. ರೂಪಭೇದವಿದ್ದಲ್ಲಿ ಒಂದರಿಂದ ಮತ್ತೊಂದನ್ನು ನೋಡುವಂತೆ ಸೂಚನೆಗಳನ್ನು ಇಟ್ಟರು. ತದ್ಭವಗಳನ್ನು ಗುರುತಿಸಿದರು, ಅನೇಕ ಅರ್ಥಗಳಿಗೆ ಕಾವ್ಯಪ್ರಯೋಗವನ್ನೋ ಗಾದೆಯನ್ನೋ ಆಧಾರವಾಗಿ ಕೊಟ್ಟರು. ದ್ರಾವಿಡ ಭಾಷೆಗಳಿಂದ ಸಂಸ್ಕೃತಕ್ಕೆ ಹೋಗಿರಬಹುದಾದ ಪದಗಳ ಉದ್ದನೆಯ ಪಟ್ಟಿಯೊಂದು ಮುನ್ನುಡಿಯಲ್ಲಿದೆ. ಅಂದಿನ ಕಾಲಕ್ಕೆ ಅದು ದಿಟ್ಟ ಹೆಜ್ಜೆಯೇ ಸರಿ.

ಕ್ರಮಬದ್ಧ ಗಣವಾಗಿ ನಿಘಂಟು

ಗಣಿತದಲ್ಲಿ ಗಣವೆಂದರೆ ಒಂದು ಅಂಶ ಒಂದೇ ಬಾರಿ ಇರುವ ಸಮೂಹ. ಅದರ ಯಾವ ಎರಡು ಅಂಶಗಳನ್ನು ತೆಗೆದುಕೊಂಡರೂ ಯಾವುದು ಮೊದಲು ಎಂದು ಹೇಳಬಲ್ಲ ನಿಯಮವಿದ್ದರೆ ಅದು ಕ್ರಮಬದ್ಧ ಗಣ. ಸೇರಿಸುವುದು, ಹುಡುಕುವುದು, ಒಂದರ ಮುಂದಿನದನ್ನು ಕೇಳುವುದು ಇದರ ಮೇಲೆ ನಡೆಯುವ ಮುಖ್ಯ ಕ್ರಿಯೆಗಳು. ಈ ಅರ್ಥದಲ್ಲಿ ಕಿಟ್ಟೆಲರ ನಿಘಂಟು ಒಂದು ಕ್ರಮಬದ್ಧ ಗಣ. ಅದರ ಅಂಶವೆಂದರೆ ಪದ ಮತ್ತು ಅದರ ಅಂಕೆ ಎರಡೂ ಸೇರಿದ ಜೋಡಿ. ಪದವನ್ನಷ್ಟೇ ಅಂಶವೆಂದು ಎಣಿಸಿದರೆ ಶತ್ರುವೆಂಬ ‘ಅರಿ’ ಸೇರುವಾಗ ಕತ್ತರಿಸುವ ‘ಅರಿ’ ಈಗಾಗಲೇ ಇದೆಯೆಂದು ತಿರಸ್ಕೃತವಾಗುತ್ತದೆ.

ಡೆನ್ನಿಸ್ ರಿಚಿಯವರು 1970ರ ದಶಕದ ಆರಂಭದಲ್ಲಿ ರೂಪಿಸಿದ ಸಿ ಭಾಷೆಯಲ್ಲಿ ಇಂತಹ ಗಣ ಸಿದ್ಧರೂಪದಲ್ಲಿ ದೊರೆಯುವುದಿಲ್ಲ. ಕ್ರಮವಿಧಿ ಬರೆಯುವವನೇ ಕಟ್ಟಿಕೊಳ್ಳಬೇಕು. ಅತಿ ಸರಳ ಉಪಾಯವೆಂದರೆ ಪದಗಳನ್ನು ಒಂದು ಅರೇಯಲ್ಲಿ ಅನುಕ್ರಮವಾಗಿ ಇಡುವುದು. ಭಾಷೆಯ ಜೊತೆ ಬರುವ ಕ್ಯೂಸಾರ್ಟ್ ಫಂಕ್ಷನ್ ಅದನ್ನು ಜೋಡಿಸುತ್ತದೆ, ಬಿಸರ್ಚ್ ಫಂಕ್ಷನ್ ನಡುವಿನ ಪದವನ್ನು ನೋಡಿ ಅರ್ಧವನ್ನು ಬಿಟ್ಟು ಉಳಿದರ್ಧದಲ್ಲಿ ಹುಡುಕುತ್ತದೆ. 70,000 ಪದಗಳಲ್ಲಿ ಹೀಗೆ ಹೆಚ್ಚೆಂದರೆ 17 ಹೋಲಿಕೆಗಳು ಸಾಕು. ಹೊಸ ಪದವೊಂದನ್ನು ನಡುವೆ ಸೇರಿಸಬೇಕಾದಾಗ ಮಾತ್ರ ಅದರ ಮುಂದಿರುವುದೆಲ್ಲವನ್ನೂ ಒಂದೊಂದು ಮನೆ ಸರಿಸಬೇಕು. ಹಸ್ತಪ್ರತಿಯ ತುಂಬಿದ ಪುಟದ ನಡುವೆ ಪದ ಸೇರಿಸಹೋದವರು ಪಡುವ ಕಷ್ಟ ಇದೇ.

ಈ ಕಷ್ಟ ತಪ್ಪಿಸಲು ಪದಗಳನ್ನು ಮರದ ಆಕಾರದಲ್ಲಿ ಕಟ್ಟುತ್ತಾರೆ. ಮರದ ಪ್ರತಿಯೊಂದು ಗೆಣ್ಣಿನಲ್ಲಿ ಒಂದು ಪದವೂ ಎಡಗೊಂಬೆ ಬಲಗೊಂಬೆಗಳ ವಿಳಾಸಗಳೂ ಇರುತ್ತವೆ. ಇಂತಹ ವಿಳಾಸಕ್ಕೆ ಸಿ ಭಾಷೆಯಲ್ಲಿ ಪಾಯಿಂಟರ್ ಎಂದು ಹೆಸರು. ಅಕಾರಾದಿಯಲ್ಲಿ ಹಿಂದಿನದು ಎಡಕ್ಕೆ, ಮುಂದಿನದು ಬಲಕ್ಕೆ. ಊರುಗಳ ಹೆಸರಿನಿಂದ ಇದನ್ನು ತಿಳಿಯಬಹುದು. ಬೀಳಗಿ, ಮುಧೋಳ, ಜಮಖಂಡಿ, ರಬಕವಿ, ಬನಹಟ್ಟಿ, ಬಾಡಗಂಡಿ ಎಂಬ ಅನುಕ್ರಮದಲ್ಲಿ ಹೆಸರುಗಳು ಬಂದರೆ ಬೀಳಗಿ ಬುಡದಲ್ಲಿ ನಿಲ್ಲುತ್ತದೆ. ಮುಧೋಳ ಅದರ ಬಲಕ್ಕೆ, ಜಮಖಂಡಿ ಎಡಕ್ಕೆ, ರಬಕವಿ ಮುಧೋಳದ ಬಲಕ್ಕೆ. ಬನಹಟ್ಟಿ ಬೀಳಗಿಗಿಂತ ಹಿಂದಿನದು, ಜಮಖಂಡಿಗಿಂತ ಮುಂದಿನದು. ಆದ್ದರಿಂದ ಜಮಖಂಡಿಯ ಬಲಕ್ಕೆ. ಬಾಡಗಂಡಿ ಬನಹಟ್ಟಿಯ ಬಲಕ್ಕೆ. ಈಗ ಬಾಡಗಂಡಿಯನ್ನು ಹುಡುಕಲು ನಾಲ್ಕು ಹೋಲಿಕೆಗಳಾಗುತ್ತವೆ.

ಇದೇ ಹೆಸರುಗಳನ್ನು ಮೊದಲೇ ಅಕಾರಾದಿಯಲ್ಲಿ ಜೋಡಿಸಿ, ಜಮಖಂಡಿ, ಬನಹಟ್ಟಿ, ಬಾಡಗಂಡಿ, ಬೀಳಗಿ, ಮುಧೋಳ, ರಬಕವಿ ಎಂದು ಒಂದೊಂದಾಗಿ ಸೇರಿಸಿದರೆ ವಿಚಿತ್ರ ಸಂಭವಿಸುತ್ತದೆ. ಪ್ರತಿ ಹೆಸರೂ ಹಿಂದಿನದರ ಬಲಕ್ಕೇ ಹೋಗಿ ಕೊಂಬೆಗಳಿಲ್ಲದ ಉದ್ದನೆಯ ಗಳುವೊಂದು ಉಳಿಯುತ್ತದೆ. ಕಿಟ್ಟೆಲರ ನಿಘಂಟನ್ನು ಮೊದಲ ಪುಟದಿಂದ ಹೀಗೆ ಯಂತ್ರಕ್ಕೆ ಉಣಿಸಿದರೆ ಕೊನೆಯ ಪದಕ್ಕೆ 70,000 ಹೋಲಿಕೆಗಳು ಬೇಕಾಗುತ್ತವೆ. ಆ ಮಹನೀಯರು ಬಾಳನ್ನೇ ತೆತ್ತು ಸಾಧಿಸಿದ ಕ್ರಮವೇ ಯಂತ್ರಕ್ಕೆ ಅತಿ ಕೆಟ್ಟ ಆಹಾರವಾಗುತ್ತದೆ. ಯಂತ್ರದ ಕೆಲಸ ರನ್ನಕಂದದ ಓದುಗನ ಪಾಡಿಗೆ ಮರಳುತ್ತದೆ.

ಇದಕ್ಕೆ ಪರಿಹಾರವನ್ನು 1962ರಲ್ಲಿ ಸೋವಿಯತ್ ಗಣಿತಜ್ಞರಾದ ಅಡೆಲ್ಸನ್-ವೆಲ್ಸ್ಕಿ ಮತ್ತು ಲ್ಯಾಂಡಿಸ್ ತೋರಿಸಿದರು. ಅವರ ಹೆಸರಿನ ಮೊದಲಕ್ಷರಗಳಿಂದ ಅದಕ್ಕೆ ಎವಿಎಲ್ ಮರ ಎಂಬ ಹೆಸರು ಬಂದಿದೆ. ಯಾವ ಗೆಣ್ಣಿನಲ್ಲಿಯೂ ಎಡಬಲಗಳ ಎತ್ತರದ ವ್ಯತ್ಯಾಸ ಒಂದನ್ನು ಮೀರಬಾರದು. ಮೀರಿದೊಡನೆ ಆ ಭಾಗವನ್ನು ತಿರುಗಿಸಿ ಸರಿಪಡಿಸಬೇಕು. ಮೇಲಿನ ಮೊದಲ ಉದಾಹರಣೆಯಲ್ಲಿ ಜಮಖಂಡಿಯ ಎಡಕ್ಕೆ ಏನೂ ಇಲ್ಲದೆ ಬಲಕ್ಕೆ ಎರಡು ಅಂತಸ್ತುಗಳಾಗಿವೆ. ಅಲ್ಲಿ ಒಮ್ಮೆ ತಿರುಗಿಸಿದರೆ ಬನಹಟ್ಟಿ ಮೇಲೇರಿ, ಜಮಖಂಡಿ ಅದರ ಎಡಕ್ಕೂ ಬಾಡಗಂಡಿ ಬಲಕ್ಕೂ ಬರುತ್ತವೆ. ಬಾಡಗಂಡಿಗೆ ಮೂರೇ ಹೋಲಿಕೆ ಸಾಕಾಗುತ್ತದೆ, ಅಕಾರಾದಿ ಕ್ರಮವೂ ಕೆಡುವುದಿಲ್ಲ. ಸಿ ಭಾಷೆಯಲ್ಲಿ ಇದಕ್ಕೆ ಗೆಣ್ಣಿನ ಸ್ಟ್ರಕ್ಚರ್‌ನೊಳಗೆ ಎತ್ತರಕ್ಕೊಂದು ಮನೆ ಇಟ್ಟರೆ ಆಯಿತು. ತಿರುಗಿಸುವುದೆಂದರೆ ಎರಡು ಮೂರು ಪಾಯಿಂಟರುಗಳನ್ನು ಬದಲಿಸುವುದು, ಪದಗಳು ಇದ್ದಲ್ಲಿಯೇ ಇರುತ್ತವೆ. ಗೆಣ್ಣಿನಲ್ಲಿಡುವ ಪದವನ್ನು ಅದರದೇ ಸ್ಮೃತಿಸ್ಥಳದಲ್ಲಿ ನಕಲು ಮಾಡಿ ಇಡುವುದು ಅವಶ್ಯ. ಓದಿಕೊಂಡ ತಾತ್ಕಾಲಿಕ ಸ್ಥಳದ ವಿಳಾಸವನ್ನೇ ಇಟ್ಟರೆ ಮುಂದಿನ ಪದ ಅಲ್ಲಿಗೆ ಬಂದಾಗ ಹಿಂದಿನದು ಅಳಿಸಿಹೋಗುತ್ತದೆ.

ಹೋಲಿಕೆಯ ನಿಯಮ

ಮರ ಎಷ್ಟೇ ಚೆನ್ನಾಗಿದ್ದರೂ ಹೋಲಿಕೆಯ ನಿಯಮ ತಪ್ಪಿದ್ದರೆ ಎಲ್ಲವೂ ತಪ್ಪು. ಸಿ ಭಾಷೆಯ ಸ್ಟ್ರ್‌ಸಿಎಂಪಿ ಫಂಕ್ಷನ್ ಪದಗಳನ್ನು ಬೈಟ್‌ಗಳಾಗಿ ಹೋಲಿಸುತ್ತದೆ. ಯುನಿಕೋಡಿನ ಯುಟಿಎಫ್-8 ರೂಪದಲ್ಲಿರುವ ಕನ್ನಡ ಪದಗಳಿಗೆ ಇದು ಅಕ್ಷರಸಂಖ್ಯೆಗಳ ಕ್ರಮವನ್ನೇ ಕೊಡುತ್ತದೆ. ‘ಕ’ದಿಂದ ‘ಹ’ದವರೆಗೆ ಅದು ಬಹುಮಟ್ಟಿಗೆ ನಮ್ಮ ವರ್ಣಮಾಲೆಯೇ. ಆದರೆ ‘ೞ’ ಅಕ್ಷರಕ್ಕೆ ‘ಹ’ಕಾರವೂ ಸ್ವರಚಿಹ್ನೆಗಳೂ ವಿರಾಮಚಿಹ್ನೆಯಾದ ‘್’ ಕೂಡ ಮುಗಿದ ಮೇಲಿನ ಸಂಖ್ಯೆ ಸಿಕ್ಕಿದೆ. ಪರಿಣಾಮವಾಗಿ, ಸಮೀಪವೆಂಬ ಅರ್ಥದ ‘ಬೞಿ’ ಎಂಬ ಹಳಗನ್ನಡ ಪದ ‘ಬಾಳು’, ‘ಬೆಲ್ಲ’, ಕೊನೆಗೆ ‘ಬ್ರಹ್ಮ’ವನ್ನೂ ದಾಟಿ ‘ಬ’ಕಾರದ ತುದಿಗೆ ಹೋಗಿ ಬೀಳುತ್ತದೆ. ಕೇಶಿರಾಜನು ಕಾಪಾಡಿದ ಅಕ್ಷರವನ್ನು ಯಂತ್ರ ಊರ ಹೊರಗಿರಿಸಿದಂತಾಯಿತು.

ಒಂದೇ ಪದ ಎರಡು ಬಾರಿ ಸೇರಿಕೊಳ್ಳುವ ಅಪಾಯವೂ ಇದೆ. ‘ಬೀಳಗಿ’ಯ ‘ೀ’ ಚಿಹ್ನೆಯನ್ನು ಒಂದೇ ಸಂಖ್ಯೆಯಾಗಿಯೂ, ಗುಡಿಸು ಮತ್ತು ದೀರ್ಘ ಎಂಬ ಎರಡು ಸಂಖ್ಯೆಗಳಾಗಿಯೂ ಯುನಿಕೋಡಿನಲ್ಲಿ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಬೈಟ್‌ಗಳನ್ನು ಎಣಿಸುವ ಯಂತ್ರಕ್ಕೆ ಅವು ಎರಡು ಊರುಗಳು. ಆದ್ದರಿಂದ ಗಣಕ್ಕೆ ಸೇರಿಸುವ ಮುನ್ನ ಎಲ್ಲ ಪದಗಳನ್ನೂ ಒಂದೇ ಬರಹರೂಪಕ್ಕೆ ತರಬೇಕು. ಬಳಿಕ ‘ಱ’ಕಾರವನ್ನು ‘ರ’ಕಾರದ ಪಕ್ಕದಲ್ಲಿಯೂ ‘ೞ’ಕಾರವನ್ನು ‘ಳ’ಕಾರದ ಪಕ್ಕದಲ್ಲಿಯೂ ನಿಲ್ಲಿಸುವ, ಸೊನ್ನೆಯ ಸ್ಥಾನವನ್ನು ನಿಶ್ಚಯಿಸುವ, ಅಕ್ಷರಗಳೆಲ್ಲ ಸಮವಾದಾಗ ಅಂಕೆಯನ್ನು ನೋಡುವ ಹೋಲಿಕೆಯ ಫಂಕ್ಷನ್ನನ್ನು ಬರೆದು ಮರಕ್ಕೆ ಒದಗಿಸಬೇಕು. ಇದನ್ನು ಬರೆಯಲು ಸಿ ಭಾಷೆಯ ಜ್ಞಾನಕ್ಕಿಂತ ಹಳಗನ್ನಡದ ಜ್ಞಾನವೇ ಹೆಚ್ಚು ಬೇಕು.

ಕೇವಲ ಹುಡುಕುವುದೇ ಉದ್ದೇಶವಾಗಿದ್ದರೆ ಕ್ರಮವಿಲ್ಲದ ಹ್ಯಾಶ್ ಕೋಷ್ಟಕ ಇನ್ನೂ ಶೀಘ್ರವಾಗಿ ಕೆಲಸ ಮಾಡುತ್ತದೆ. ಅದರಲ್ಲಿ ನೆರೆಹೊರೆ ಇರುವುದಿಲ್ಲ. ನಿಘಂಟಿನಲ್ಲಿ ಒಂದು ಪದವನ್ನು ಹುಡುಕಹೋಗಿ ಅದರ ಮೇಲೆ ಕೆಳಗೆ ಇರುವ ನಾಲ್ಕು ಪದಗಳನ್ನು ಕಲಿತು ಬಂದವರಿಗೆ ಆ ನಷ್ಟ ಎಷ್ಟೆಂಬುದು ಗೊತ್ತು.

ಕೊನೆಯ ದಿನಗಳು ಮತ್ತು ಮನ್ನಣೆ

1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಕಿಟ್ಟೆಲರಿಗೆ ಗೌರವ ಡಾಕ್ಟರೇಟ್ ಪದವಿಯನ್ನು ನೀಡಿತು. ಇಳಿವಯಸ್ಸಿನಲ್ಲಿಯೂ ಅವರು ಬರವಣಿಗೆಯನ್ನು ನಿಲ್ಲಿಸಲಿಲ್ಲ. ಕನ್ನಡದ ಮೂರೂ ಅವಸ್ಥೆಗಳನ್ನು ಒಳಗೊಂಡ ಅವರ ವ್ಯಾಕರಣ ಗ್ರಂಥ 1903ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರ್ ತಿಂಗಳಲ್ಲಿ ಟ್ಯೂಬಿಂಗೆನ್‌ನಲ್ಲಿ ನಿಧನ ಹೊಂದಿದರು.

ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ. ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯಲ್ಲಿ ಅವರ ಪ್ರತಿಮೆಯನ್ನು ಸ್ಥಾಪಿಸಲಾಗಿದೆ. ಮದರಾಸು ವಿಶ್ವವಿದ್ಯಾಲಯವು ಎಂ. ಮರಿಯಪ್ಪ ಭಟ್ಟರ ಸಂಪಾದಕತ್ವದಲ್ಲಿ ನಿಘಂಟಿನ ಪರಿಷ್ಕೃತ ಹಾಗೂ ವಿಸ್ತೃತ ಆವೃತ್ತಿಯನ್ನು 1968ರಿಂದ 1971ರ ಅವಧಿಯಲ್ಲಿ ನಾಲ್ಕು ಸಂಪುಟಗಳಾಗಿ ಹೊರತಂದಿತು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ–ಕನ್ನಡ ನಿಘಂಟು 1970ರಿಂದ 1995ರವರೆಗೆ ಪ್ರಕಟವಾಯಿತು. ಹಳಗನ್ನಡ ಕಾವ್ಯಗಳನ್ನು ಓದುವವರು ಇಂದಿಗೂ ಅದರ ಜೊತೆಗೆ ಕಿಟ್ಟೆಲರ ನಿಘಂಟನ್ನೂ ಪಕ್ಕದಲ್ಲಿ ಇಟ್ಟುಕೊಳ್ಳುತ್ತಾರೆ.